ಹದಿನೆಂಟು ಸಾವಿರ ಎಂದು ಬರೆಸಿದ ಮನೆ

ಶಿವಯೋಗೆಪ್ಪ ಜಮಖಂಡಿಯ ಒಂದು ಖಾಸಗಿ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವನು. ಆ ವಿಷಯಕ್ಕೆ ಸೇರುವವರೇ ಇಲ್ಲವಾದಾಗ ಅವನನ್ನು ಮನೆಗೆ ಕಳಿಸಿದರು. ಐವತ್ತು ದಾಟಿದವನಿಗೆ ಸಿಕ್ಕಿದ್ದು ಮನೆಮನೆಗೆ ಹೋಗಿ ಆದಾಯ ಕೇಳಿ ಬರೆದುಕೊಳ್ಳುವ ಗುತ್ತಿಗೆ ಕೆಲಸ. ಸುತ್ತಲಿನ ಒಂದೊಂದು ತಾಲೂಕಿನಲ್ಲೂ ನಡುವಿನ ಮನೆಯ ಆದಾಯ ಎಷ್ಟು ಎಂದು ಅಂದಾಜು ಮಾಡಬೇಕಿತ್ತು. ಮನೆಗಳನ್ನೆಲ್ಲ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವ ಮನೆ ಯಾವುದೋ ಅದರದು. ಸರಾಸರಿ ತೆಗೆದರೆ ಒಬ್ಬ ಕೋಟ್ಯಧೀಶ ಇಡೀ ಊರನ್ನೇ ಮೇಲೆತ್ತಿಬಿಡುತ್ತಾನೆ, ನಡುವಿನ ಮನೆ ಹಾಗೆ ಮೋಸ ಮಾಡುವುದಿಲ್ಲ ಎಂದು ಅವನು ಹುಡುಗರಿಗೆ ವರ್ಷವರ್ಷವೂ ಹೇಳಿಕೊಟ್ಟಿದ್ದ.

ಊರು ತಿರುಗಿದ ಮೇಲೆ ಬೇರೆಯೇ ಒಂದು ಸಂಗತಿ ಕಂಡಿತು. ಮುಧೋಳದ ಕಡೆ ನಲವತ್ತು ಎಕರೆ ಕಬ್ಬಿನವರು ತಮ್ಮ ಆದಾಯವನ್ನು ಇಳಿಸಿ ಹೇಳುತ್ತಿದ್ದರು. ಅನಗವಾಡಿಯಲ್ಲಿ ಕೂಲಿಗೆ ಹೋಗುವವರು ಮರ್ಯಾದೆಗೆ ಅಂಜಿ ಏರಿಸಿ ಹೇಳುತ್ತಿದ್ದರು. ಎಲ್ಲರ ಬಾಯಲ್ಲೂ ತಿಂಗಳಿಗೆ ಹದಿನೈದು ಸಾವಿರವೇ. ಶಿವಯೋಗೆಪ್ಪ ಹೇಳಿದ್ದನ್ನೇ ಬರೆದುಕೊಂಡ. ನಿಯಮವೂ ಅದೇ ಆಗಿತ್ತು.

ಬನಹಟ್ಟಿಯಲ್ಲಿ ಅವನ ಪಟ್ಟಿಗೆ ಯಮನಪ್ಪನ ಮನೆ ಬಂತು. ಯಮನಪ್ಪ ಬೇರೆಯವರ ವಿದ್ಯುತ್ ಮಗ್ಗದಲ್ಲಿ ಕೂಲಿ ನೇಯುವವನು. ಹೆಂಡತಿ ರುಕ್ಮವ್ವ ಮನೆಯಲ್ಲೇ ಕೂತು ನೇಕಾರರಿಗೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದಳು. ಅಂದು ಒಳಗೆ ಮಗಳು ಶೀತಲ್‌ಳನ್ನು ನೋಡಲು ಬಂದ ಬೀಗರು ಕೂತಿದ್ದರು. ಶಿವಯೋಗೆಪ್ಪ ಬಾಗಿಲಲ್ಲೇ ನಿಂತು, ತಾವು ನೀಡುವ ಮಾಹಿತಿಯನ್ನು ಗೌಪ್ಯವಾಗಿ ಇರಿಸಲಾಗುವುದು ಎಂಬ ಸರ್ಕಾರಿ ವಾಕ್ಯವನ್ನು ಒಂದೇ ಉಸಿರಿಗೆ ಓದಿ ಆದಾಯ ಕೇಳಿದ. ರುಕ್ಮವ್ವ ಒಳಗಿನವರಿಗೂ ಕೇಳುವಂತೆ ಹದಿನೆಂಟು ಸಾವಿರ ಎಂದಳು. ಅದರ ಅರ್ಧವೂ ಇರಲಿಕ್ಕಿಲ್ಲ ಎಂದು ಅವನಿಗೆ ಗೊತ್ತಾಯಿತು. ಬರೆದುಕೊಂಡು ಮುಂದಿನ ಮನೆಗೆ ನಡೆದ.

ಎಂಟು ತಿಂಗಳ ಮೇಲೆ ಎರಡನೆಯ ಸುತ್ತು. ಬಾಗಿಲು ತೆಗೆದ ರುಕ್ಮವ್ವನ ಹಣೆ ಬರಿದಾಗಿತ್ತು. ಯಮನಪ್ಪ ತೀರಿಕೊಂಡು ಆಗಲೇ ಎರಡು ತಿಂಗಳಾಗಿತ್ತು. ಎದೆನೋವು ಎಂದು ಮೂರು ವಾರ ಒದ್ದಾಡಿದ್ದನಂತೆ. ಓಣಿಯ ಡಾಕ್ಟರರ ಹತ್ತಿರ ಸೂಜಿ ಮಾಡಿಸಿದ್ದು ಬಿಟ್ಟರೆ ದೊಡ್ಡ ದವಾಖಾನೆಗೆ ಹೋಗಿರಲಿಲ್ಲ. ಬಡವರ ರೇಷನ್ ಕಾರ್ಡು ತೋರಿಸಿದ್ದರೆ ಪುಕ್ಕಟೆ ನೋಡುತ್ತಿದ್ದರಲ್ಲ ಎಂದು ಶಿವಯೋಗೆಪ್ಪ ಕೇಳಿದ.

"ನೀವು ಹದಿನೆಂಟ ಸಾವಿರ ಬರಕೊಂಡ ಹೋಗಿದ್ರಿ ಅಲ್ಲರಿ," ಎಂದಳು ರುಕ್ಮವ್ವ. "ಕಾರ್ಡ ತೋರಿಸಿದ್ರ ಅದು ಹೊರಗ ಬೀಳತೈತಿ, ಕಾರ್ಡ ಕಸಗೊಂತಾರ ಅಂತ ಅಂಜಿದ್ವಿರಿ. ನಾನ ಬ್ಯಾಡ ಅಂದೆ."

ಆ ಬರಹಕ್ಕೂ ಕಾರ್ಡಿಗೂ ಸಂಬಂಧವೇ ಇಲ್ಲ, ಅದನ್ನು ಯಾರಿಗೂ ತೋರಿಸುವುದಿಲ್ಲ ಎಂದು ಅಂದೇ ಹೇಳಿದ್ದೆನಲ್ಲ ಎನ್ನಲು ಹೋದ.

"ಏನ ಹೇಳಿದ್ರೋ ನನಗ ತಿಳೀಲಿಲ್ರಿ," ಎಂದಳು ಅವಳು.

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವನಿಗೆ ಅದೇ ಹೆಚ್ಚು ನಾಟಿತು. ಇಪ್ಪತ್ತೆರಡು ವರ್ಷ ಪಾಠ ಹೇಳಿದ ಬಾಯಿಗೆ ಅಂದು ಎರಡು ಮಾತು ಬಿಡಿಸಿ ಹೇಳುವ ಪುರುಸೊತ್ತು ಇರಲಿಲ್ಲ. ಈಗ ಬರುವುದೆಷ್ಟು ಎಂದು ಕೇಳಲೇಬೇಕಿತ್ತು, ಕೇಳಿದ. ಮೂರು ಸಾವಿರ ಎಂದಳು. ಬೀಗರು ಮತ್ತೆ ಬಂದಿರಲಿಲ್ಲ.

ಅಂದಾಜು ಹೊರಬಿದ್ದಾಗ ನಡುವಿನ ಅಂಕಿ ಹದಿನೈದು ಸಾವಿರದಲ್ಲೇ ನಿಂತಿತ್ತು. ಅಲ್ಲಿ ಅಷ್ಟೊಂದು ಮನೆಗಳು ಒತ್ತೊತ್ತಾಗಿ ನಿಂತಿರುವಾಗ ಒಂದು ಮನೆ ಸಾಲಿನ ಕೆಳತುದಿಗೆ ಜಾರಿದರೆ ಅಂಕಿ ಕದಲುವುದಿಲ್ಲ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಶಿವಯೋಗೆಪ್ಪ ಆ ಹಾಳೆಯನ್ನು ಎರಡು ಸಲ ಓದಿ ಮಡಿಸಿಟ್ಟ. ಯಾಕ ಊಟ ಬಿಟ್ಟೀರಿ ಎಂದು ಹೆಂಡತಿ ಶಿವಗಂಗವ್ವ ಕೇಳಿದಾಗ ಎಲ್ಲವನ್ನೂ ಹೇಳಿದ. ಅವಳು ಸಮಾಧಾನದ ಮಾತು ಆಡಲಿಲ್ಲ. ಆ ಹೆಣ್ಣುಮಗಳಿಗೆ ವಿಧವಾ ಪಿಂಚಣಿಯಾದರೂ ಮಾಡಿಸಿಕೊಡಿ ಎಂದಳು.

ಮರುವಾರ ಅವನು ರುಕ್ಮವ್ವನನ್ನು ತಾಲೂಕು ಕಚೇರಿಗೆ ಕರೆದೊಯ್ದ. ಅರ್ಜಿ ತುಂಬುತ್ತಿದ್ದ ಗುಮಾಸ್ತ ಆದಾಯ ಕೇಳಿದ. ಅವಳು ಅವನ ಕಡೆ ನೋಡದೆ ಶಿವಯೋಗೆಪ್ಪನ ಕಡೆ ತಿರುಗಿದಳು.

"ಎಷ್ಟ ಅಂತ ಹೇಳ್ಲಿರಿ?"

"ಖರೆ ಎಷ್ಟ ಐತೋ ಅಷ್ಟ ಹೇಳ್ರಿ, ಅಕ್ಕಾರ."

ಹಿಂದೆ ನಿಂತವರಿಗೆ ಕೇಳಬಾರದೆಂದು ಅವಳು ತಗ್ಗಿದ ದನಿಯಲ್ಲಿ ಹೇಳಿದಳು. ಗುಮಾಸ್ತನಿಗೂ ಕೇಳಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಬೇಕಾಯಿತು.

ಪಿಂಚಣಿ ಮೂರನೆಯ ತಿಂಗಳಿಗೆ ಬಂತು. ಶೀತಲ್ ಫೋನು ಮಾಡಿ ತಿಳಿಸಿದಳು. ಫೋನು ಅವ್ವನಿಗೆ ಕೊಡಲೇ ಎಂದು ಅವಳು ಕೇಳಿದಾಗ ಶಿವಯೋಗೆಪ್ಪ, ಬ್ಯಾಡವ್ವ, ಇರಲಿ ಎಂದ. ಮುಂದಿನ ವರ್ಷದ ಸಮೀಕ್ಷೆಗೆ ಕರೆ ಬಂದಾಗ ಅವನು ಹೋಗಲಿಲ್ಲ.