ಮೇಷ್ಟ್ರು ಬರೆದ ಸುಳ್ಳು ಆದೇಶ

ಅವನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಆದರೂ ನೀರಿನ ಮೀಟರ್ ತಯಾರಿಸುವ ಆ ಕಂಪನಿಯಲ್ಲಿ ಗೇಟಿನ ಕಾವಲುಗಾರನಿಂದ ಹಿಡಿದು ಸಾಹೇಬರವರೆಗೆ ಎಲ್ಲರಿಗೂ ಅವನು ಮೇಷ್ಟ್ರು. ಕಾರಣ ಇಷ್ಟೇ, ಅವನು ಪರೀಕ್ಷೆ ಮಾಡುತ್ತಿದ್ದ, ಅದೂ ಹೇಳದೆ ಕೇಳದೆ. ಹಿಂದೊಮ್ಮೆ ಯಾರೋ ಕಳ್ಳರು ಬ್ಯಾಂಕಿನ ಹೆಸರಿನಲ್ಲಿ ಮೇಲ್ ಕಳಿಸಿ, ಲೆಕ್ಕದ ವಿಭಾಗದವರಿಂದ ಪಾಸ್‌ವರ್ಡ್ ಹೊಡೆದುಕೊಂಡು ಕಂಪನಿಗೆ ಮೂರು ನಾಮ ಹಾಕಿದ್ದರು. ಅಂದಿನಿಂದ ಕಂಪ್ಯೂಟರ್ ವಿಭಾಗದ ಈ ಮನುಷ್ಯನಿಗೆ ಹೊಸ ಕೆಲಸ ಅಂಟಿಕೊಂಡಿತು. ಕಳ್ಳರು ಬರೆಯುವಂಥ ಸುಳ್ಳು ಮೇಲ್‌ಗಳನ್ನು ತಾನೇ ಬರೆದು ತನ್ನವರಿಗೇ ಕಳಿಸುವುದು, ಯಾರು ನಂಬಿ ಒತ್ತುತ್ತಾರೆ ಅಂತ ಕಾದು ನೋಡುವುದು. ಒತ್ತಿದವರ ಪರದೆ ಕೆಂಪಗಾಗಿ ‘ಇದು ಪರೀಕ್ಷೆ, ನೀವು ಮೋಸಹೋಗಿದ್ದೀರಿ’ ಅಂತ ಬರುತ್ತಿತ್ತು. ಕೆಳಗೆ ಮೋಸಹೋಗದಿರಲು ಅವನೇ ಬರೆದ ನಾಲ್ಕು ಪಾಠ, ಜೊತೆಗೆ ಗಾಳಕ್ಕೆ ಸಿಕ್ಕಿ ಬಾಯಿ ತೆರೆದ ಒಂದು ಮೀನಿನ ಚಿತ್ರ. ಮೀನನ್ನು ಆರಿಸಿದವನೂ ಅವನೇ. ಆಗ ಅದು ತಮಾಷೆಯಾಗಿ ಕಂಡಿತ್ತು.

ಮೊದಮೊದಲು ಯಾರಾದರೂ ಸಿಕ್ಕಿಬಿದ್ದರೆ ಅವನಿಗೆ ಪಾಪ ಅನ್ನಿಸುತ್ತಿತ್ತು. ಆಮೇಲೆ ನಗು ಬರುತ್ತಿತ್ತು. ಈಗೀಗ ಏನೂ ಅನ್ನಿಸುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ “ಇವತ್ತು ಎಷ್ಟು ಜನರ ತಲೆ ಬೋಳಿಸಿ ಬಂದ್ರಿ?” ಅಂತ ಛೇಡಿಸಿದರೆ, ಟಿವಿ ಕಡೆ ನೋಡುತ್ತಾ “ಹೂಂ” ಅನ್ನುತ್ತಿದ್ದ. ಎಷ್ಟು ಅಂತ ಕೇಳಿದರೆ ಹೂಂ ಉತ್ತರವಲ್ಲ ಅನ್ನುವುದೂ ಅವನಿಗೆ ಹೊಳೆಯುತ್ತಿರಲಿಲ್ಲ.

ಇಡೀ ದಿನದಲ್ಲಿ ಅವನು ಬಾಯಿಬಿಟ್ಟು ನಾಲ್ಕು ಮಾತಾಡುತ್ತಿದ್ದದ್ದು ಊಟದ ಹೊತ್ತಿನಲ್ಲಿ, ಸ್ಟೋರ್ಸ್ ಅಕ್ಕನ ಜೊತೆ. ಅಕ್ಕ ಬಿಡಿಭಾಗಗಳ ಕೋಣೆ ನೋಡಿಕೊಳ್ಳುವವಳು. ಹಿತ್ತಾಳೆ ಮುಚ್ಚಳ, ರಬ್ಬರ್ ವಾಷರ್, ಗಾಜಿನ ಬಿಲ್ಲೆಗಳ ಕಪಾಟುಗಳ ನಡುವೆ ಒಂದು ಮೇಜು, ಎರಡು ಸ್ಟೂಲು. ಅವಳ ಗಂಡ ಬೇರೆ ಊರಿನಲ್ಲಿ ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದಿದ್ದ. ನೋಡಿಕೊಳ್ಳಲು ವಯಸ್ಸಾದ ಅತ್ತೆ ಒಬ್ಬರೇ. ಆ ಊರಿನಲ್ಲೂ ಕಂಪನಿಯ ಶಾಖೆ ಇತ್ತು. ಅಲ್ಲಿಗೆ ವರ್ಗ ಮಾಡಿ ಅಂತ ಕೇಳಿಕೊಂಡು ಅಕ್ಕ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. “ಬರುತ್ತೆ ತಮ್ಮಾ, ಈ ತಿಂಗಳು ಬಂದೇ ಬರುತ್ತೆ” ಅನ್ನುತ್ತಾ ತನ್ನ ಡಬ್ಬಿಯ ಊಟದಲ್ಲಿ ಅರ್ಧ ಅವನಿಗೆ ಬಡಿಸುತ್ತಿದ್ದಳು.

ಒಂದು ದಿನ ಸಾಹೇಬರು ಅವನನ್ನು ಕರೆಸಿದರು. “ಏನ್ರೀ ಮೇಷ್ಟ್ರೇ, ನಿಮ್ಮ ಮೇಲ್‌ಗೆ ಈಗ ಒಬ್ಬರೂ ಬೀಳ್ತಾ ಇಲ್ಲ. ಲಾಟರಿ, ಬಹುಮಾನ ಅಂದ್ರೆ ಚಿಕ್ಕ ಮಕ್ಕಳೂ ನಗ್ತಾರೆ. ಕಳ್ಳರು ಅಷ್ಟು ದಡ್ಡರೇನ್ರೀ? ಜನ ಯಾವುದಕ್ಕೆ ಕಾಯ್ತಾ ಇದ್ದಾರೋ ಅದನ್ನ ಬರೀರಿ.”

ಅವನು ಬಂದು ಕುರ್ಚಿಯಲ್ಲಿ ಕೂತ. ‘ನಿಮ್ಮ ವರ್ಗಾವಣೆಯ ಕೋರಿಕೆ ಒಪ್ಪಿಗೆಯಾಗಿದೆ. ಆದೇಶ ನೋಡಲು ಇಲ್ಲಿ ಒತ್ತಿ’ ಅಂತ ಬರೆದ. ವರ್ಗಾವಣೆ ಕೇಳಿದವರು ಕಂಪನಿಯಲ್ಲಿ ಬೇಕಾದಷ್ಟು ಜನ ಇದ್ದಾರೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ಬರೆಯುವಾಗ ಕಿವಿಯಲ್ಲಿ ಇದ್ದದ್ದು ಒಬ್ಬಳದೇ ದನಿ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ. ಎಲ್ಲರಿಗೂ ಕಳಿಸಿ, ಹೋಗಿ ಚಹಾ ಕುಡಿದು ಬಂದ.

ಅಕ್ಕ ಒತ್ತಿದ್ದಳು. ಊಟದ ಹೊತ್ತಿಗೆ ಅವನು ಹೋದಾಗ ಅವಳ ಡಬ್ಬಿ ಇನ್ನೂ ಮುಚ್ಚಿಯೇ ಇತ್ತು.

“ಬರೆದದ್ದು ನೀನೇ ಅಲ್ವಾ?”

“ಹೂಂ ಅಕ್ಕ.”

“ಒಪ್ಪಿಗೆ ಅನ್ನೋ ಪದ ಕಂಡ ಕೂಡಲೇ ಮನೆಗೆ ಫೋನ್ ಮಾಡಿಬಿಟ್ಟೆ. ಅವರು ಅತ್ತುಬಿಟ್ರು. ಅತ್ತೆ ಆಗಲೇ ಮಂಚ ಸರಿಸಿ ನನ್ನ ಬಟ್ಟೆಗೆ ಜಾಗ ಮಾಡೋಕೆ ಹೊರಟ್ರು. ಫೋನ್ ಇಟ್ಟು ನೋಡಿದ್ರೆ, ಕಳಿಸಿದವರ ವಿಳಾಸ ನಮ್ಮ ಕಂಪನಿದಲ್ಲ. ಮೊದಲು ವಿಳಾಸ ನೋಡಿ ಅಂತ ನೀನೇ ಹೇಳಿಕೊಟ್ಟಿದ್ದೆ. ಸುಳ್ಳು ಅಂತ ಗೊತ್ತಾಯ್ತು.”

“ಮತ್ತೆ ಯಾಕೆ ಒತ್ತಿದ್ರಿ?”

“ಮನೆಗೆ ಹೇಳಿ ಆಗಿತ್ತಲ್ಲ ತಮ್ಮಾ. ನಿಜ ಆಗಲೇಬೇಕಿತ್ತು.”

ಇರುಳು ಕಂಡ ಬಾವಿಗೆ ಹಗಲು ಬಿದ್ದರು ಅಂತ ನಾವು ಸುಲಭವಾಗಿ ನಗುತ್ತೇವೆ. ಬೀಳುವವರಿಗೆ ಬಾವಿ ಕಾಣುವುದಿಲ್ಲ ಅಂತ ಯಾರು ಹೇಳಿದರು? ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಉಪಕಾರವಾಗುತ್ತಿತ್ತು. ಮಾರನೆಯ ದಿನದಿಂದ ಎರಡನೆಯ ಸ್ಟೂಲಿನ ಮೇಲೆ ವಾಷರ್ ಡಬ್ಬಗಳು ಬಂದು ಕೂತವು. ಅವನು ತನ್ನ ಮೇಜಿನಲ್ಲೇ ಉಂಡ. ತುತ್ತಿಗೆ ರುಚಿ ಇರಲಿಲ್ಲ. ಒಂದಿಷ್ಟು ಅತ್ತರೆ ಎದೆ ಹಗುರಾದೀತು ಅಂತ ಅವನಿಗೂ ಗೊತ್ತಿತ್ತು, ಅಳು ಬರಬೇಕಲ್ಲ! ಮರಗಟ್ಟಿದ ಕಾಲನ್ನು ಹೊತ್ತುಕೊಂಡು ನಡೆದ ಹಾಗೆ ಅವನು ದಿನಗಳನ್ನು ದೂಡಿದ.

ಕಂಪನಿಯ ಮೇಲ್‌ಗಳಿಗೆ ‘ಅನುಮಾನ’ ಅನ್ನುವ ಒಂದು ಗುಂಡಿ ಇತ್ತು. ಅದನ್ನು ಒತ್ತಿದರೆ ಆ ಮೇಲ್ ಮೇಷ್ಟ್ರ ಹತ್ತಿರ ತನಿಖೆಗೆ ಬರುತ್ತಿತ್ತು. ಒಂದು ಮಧ್ಯಾಹ್ನ ಸ್ಟೋರ್ಸ್ ಕೋಣೆಯಿಂದ ಹಾಗೊಂದು ಬಂತು. ವರ್ಗಾವಣೆ ಆದೇಶ. ಅವನು ಕಳಿಸಿದವರ ವಿಳಾಸ ನೋಡಿದ. ಶಾಖೆಯ ಹೆಸರು, ಅಕ್ಕನ ನೌಕರಿ ಸಂಖ್ಯೆ, ಒಂದೊಂದನ್ನೂ ಕೆದಕಿ ನೋಡಿದ. ಅಪ್ಪಟ ನಿಜ. ಇವತ್ತು ಸಂಜೆಯೊಳಗೆ ಒಪ್ಪಿಗೆ ಕೊಡದಿದ್ದರೆ ಜಾಗ ಮುಂದಿನವರಿಗೆ ಅಂತ ಕೊನೆಯಲ್ಲಿ ಬರೆದಿತ್ತು. ಅವನು ಮೆಟ್ಟಿಲು ಇಳಿದು ಓಡಿದ.

“ಅಕ್ಕ, ಇದು ನಿಜ! ಸಂಜೆಯೊಳಗೆ ಒಪ್ಪಿಗೆ ಕೊಡ್ಬೇಕು, ಬೇಗ ಬನ್ನಿ.”

ವಾಷರ್ ಎಣಿಸುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. “ಅವಸರ ಮಾಡಿಸಿದ್ರೆ ಅನುಮಾನ ಪಡಿ ಅಂತ ಹೇಳಿದವನು ನೀನು.”

“ದೇವರಾಣೆ ಅಕ್ಕ.”

“ಗುರುತಿನವರು ಹೇಳಿದ್ರೂ ನಂಬಬೇಡಿ ಅಂದವನೂ ನೀನೇ.”

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಿದ್ದ. ಪಾಠ ಇಷ್ಟು ಚೆನ್ನಾಗಿ ಕಲಿತ ಶಿಷ್ಯರು ಅವನಿಗೆ ಬೇರೆ ಯಾರೂ ಇರಲಿಲ್ಲ. ಗೋಡೆಯ ಗಡಿಯಾರ ನೋಡಿದ, ಅವಳನ್ನು ನೋಡಿದ. ಆಗ ಎಷ್ಟೋ ದಿನಗಳ ಮೇಲೆ ಅವನಿಗೆ ಭಯವಾಯಿತು.

“ಹಾಗಾದ್ರೆ ನನ್ನ ನಂಬಬೇಡಿ ಅಕ್ಕ. ಆ ಮೇಲ್‌ನಲ್ಲಿರೋ ನಂಬರೂ ಬೇಡ. ನಿಮ್ಮ ಹತ್ತಿರ ಮೊದಲಿಂದ ಇರೋ ಮುಖ್ಯ ಕಚೇರಿ ನಂಬರಿಗೆ ನೀವೇ ಮಾಡಿ ಕೇಳಿ. ಕಾಲಿಗೆ ಬೀಳ್ತೀನಿ, ಒಂದು ಸಲ ಕೇಳಿ.”

ಅಕ್ಕ ಎಣಿಸುತ್ತಿದ್ದ ವಾಷರ್‌ಗಳನ್ನು ಬದಿಗೆ ಸರಿಸಿದಳು. ಕೈ ಒರೆಸಿಕೊಂಡು ಮೇಜಿನ ಫೋನ್ ಎತ್ತಿದಳು. ತನ್ನ ನೌಕರಿ ಸಂಖ್ಯೆ ಹೇಳಿ, ಕೇಳಿಸಿಕೊಂಡು, “ಇನ್ನೊಂದು ಸಲ ಹೇಳಿ” ಅಂದಳು. ಅವರು ಹೇಳಿದರು. ಫೋನ್ ಇಟ್ಟು, ಕಂಪ್ಯೂಟರಿನ ಮುಂದೆ ಕೂತು ಒಪ್ಪಿಗೆ ಕೊಟ್ಟಳು. ಮುಖದಲ್ಲಿ ನಗುವಿಲ್ಲ, ಅಳುವೂ ಇಲ್ಲ. ಈ ಮುಖವನ್ನು ಅವನು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುತ್ತಿದ್ದ. ಅದನ್ನು ಅವಳಿಗೂ ದಾಟಿಸಿದವನು ತಾನೇ ಅನ್ನುವುದು ಅವನಿಗೆ ಅರ್ಥವಾಯಿತು.

“ಮನೆಗೆ ಫೋನ್ ಮಾಡಲ್ವಾ ಅಕ್ಕ?”

“ಬೇಡ. ಫೋನಲ್ಲಿ ಹೇಳಿದ್ರೆ ಅವರು ನಂಬಲ್ಲ. ಹೋಗಿ ಬಾಗಿಲು ತಟ್ತೀನಿ, ಕಣ್ಣಾರೆ ನೋಡ್ಲಿ.”

ಅಷ್ಟು ಹೇಳಿ ಅಕ್ಕ ಲೆಕ್ಕ ತಪ್ಪಿಹೋಗಿದ್ದ ವಾಷರ್‌ಗಳನ್ನು ಮತ್ತೆ ಮೊದಲಿಂದ ಎಣಿಸತೊಡಗಿದಳು. ಅವನು ಅಲ್ಲೇ ನಿಂತಿದ್ದ. ಹೋಗು ಅಂತ ಅವಳು ಅನ್ನಲಿಲ್ಲ, ಕೂತ್ಕೋ ಅಂತಲೂ ಅನ್ನಲಿಲ್ಲ.