ತೆಳ್ಳಗೆ ಕೊಯ್ದ ಚೂರು

ಎಂಬತ್ತರ ದಶಕದ ಮೊದಲಲ್ಲಿ ನಾನು ಬೆಳಗಾವಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದೆ. ರೋಗಿಯ ಮೈಯಿಂದ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ, ಪದರ ಪದರವಾಗಿ ಕೊಯ್ದು, ಬಣ್ಣ ಹಾಕಿ ಡಾಕ್ಟರರ ಮುಂದಿಡುವುದು ನನ್ನ ಕೆಲಸ. ನನ್ನಷ್ಟು ತೆಳ್ಳಗೆ ಕೊಯ್ಯುವವರು ಇಡೀ ಊರಲ್ಲಿಲ್ಲ ಎಂಬ ಸೊಕ್ಕಿತ್ತು. ಇತ್ತು ಬಿಡಿ, ಸುಳ್ಳು ಯಾಕೆ ಹೇಳಲಿ. ಉಳ್ಳಾಗಡ್ಡಿಯ ಒಳಪೊರೆಯಂಥ ಪದರ ಬಂದ ಮೇಲೆಯೇ ಬೆಳಗಿನ ಚಹಾ.

ಅಕ್ಕನನ್ನು ಖಾನಾಪುರಕ್ಕೆ ಕೊಟ್ಟಿತ್ತು. ಚಿಕ್ಕಂದಿನಿಂದ ಅವಳ ಕಾಲಿನಲ್ಲಿ ಎಲುಬಿಗೆ ಹತ್ತಿದ ಹುಣ್ಣು. ಒಣಗಿದಂತಾಗಿ ಮತ್ತೆ ಕೀವು ಸೋರುತ್ತಿತ್ತು. ಹಳೆಯ ಧೋತರದ ಪಟ್ಟಿ ಬಿಗಿದು ಕೆಲಸಕ್ಕೆ ನಿಲ್ಲುತ್ತಿದ್ದಳು. ಒಂದು ವರ್ಷ ಮುಖ, ಪಾದ ಬಾತುಕೊಂಡವು. ನಾನೇ ಹೋಗಿ ರೈಲಿನಲ್ಲಿ ಕರೆತಂದೆ. ದಾರಿಯುದ್ದಕ್ಕೂ ಹುರಿದ ಶೇಂಗಾ ಸುಲಿದು ನನ್ನ ಕೈಗೆ ಹಾಕುತ್ತಿದ್ದಳು, ಎರಡು ಮಕ್ಕಳ ತಂದೆ ನಾನು! ಆ ಪ್ರಯಾಣ ಇನ್ನೊಮ್ಮೆ ಸಿಕ್ಕೀತೇ ಎಂದು ಇವತ್ತಿಗೂ ಜೀವ ಬಡಕೊಳ್ಳುತ್ತದೆ.

ಕಾಲಿನ ಆಪರೇಶನ್ ಬೇಕಾದೀತು ಎಂದ ಡಾಕ್ಟರರು, ಬಾವು ಯಾಕೆಂದು ನೋಡಲು ಮೊದಲು ಕಿಡ್ನಿಗೆ ಸೂಜಿ ಹಾಕಿ ಚೂರು ತೆಗೆದರು. ಅದು ನನ್ನ ಮೇಜಿಗೇ ಬಂತು. ನಮ್ಮಕ್ಕನದು ಎಂದು ಎಂದಿಗಿಂತ ತೆಳ್ಳಗೆ ಕೊಯ್ದೆ. ಕಾಂಗೋ ರೆಡ್ ಹಾಕಿದೆ. ಅಮಿಲಾಯ್ಡ್ ಎಂಬ ಕೆಟ್ಟ ಪ್ರೋಟೀನು ಸೇರಿಕೊಂಡಿದ್ದರೆ ಆ ಬಣ್ಣ ಹಿಡಿಯುತ್ತದೆ. ಹಿಡಿದದ್ದು ಕಂಡೂ ಕಾಣದಷ್ಟು. ಡಾಕ್ಟರರು ಅಮಿಲಾಯ್ಡ್ ಇಲ್ಲ ಎಂದು ಬರೆದರು. ಅಕ್ಕನ ಸಂಭ್ರಮ ನೋಡಬೇಕಿತ್ತು. ಖಾನಾಪುರದ ಸಂತೆಯಲ್ಲಿ ಸಿಕ್ಕವರಿಗೆಲ್ಲ, "ನಮ್ಮ ತಮ್ಮ ಸ್ವತಾ ನೋಡ್ಯಾನ್ರೀ, ಏನೂ ಇಲ್ಲಂತ!" ಎಂದಳು. ಆಪರೇಶನ್ನೂ ಬೇಡವೆಂದಳು.

ಏಳು ತಿಂಗಳಿಗೆ ಮೈಯೆಲ್ಲ ಊದಿತು. ಡಾಕ್ಟರರು ಹಳೆಯ ಸ್ಲೈಡು ತರಿಸಿ ನೋಡಿದರು.

"ಏ ಶಾಣ್ಯಾ, ಈ ಬಣ್ಣಕ್ಕ ದಪ್ಪ ಪದರ ಬೇಕೋ! ಇಷ್ಟು ತೆಳ್ಳಗ ಕೊಯ್ದರ ಏನ್ ಹಿಡೀತದ? ನಂದೂ ತಪ್ಪೈತಿ, ಆವತ್ತ ನಾನೂ ಕೇಳಲಿಲ್ಲ."

ಅದೇ ಮೇಣದ ತುಂಡಿನಿಂದ ದಪ್ಪಗೆ ಕೊಯ್ದೆ. ರಕ್ತ ಸೋಸುವ ಗುಂಡು ಗೊಂಚಲುಗಳಲ್ಲೆಲ್ಲ ಕೆಂಪು ಹೆಂಟೆಗಳು. ಸಣ್ಣ ರಕ್ತನಾಳಗಳ ಗೋಡೆಯಲ್ಲೂ ಕೆಂಪು. ಪೋಲರಾಯ್ಡ್ ಗಾಜು ಅಡ್ಡವಿಟ್ಟರೆ ಎಲ್ಲ ಹಸಿರಾಗಿ ಹೊಳೆದವು, ಅಮಿಲಾಯ್ಡಿನ ಗುರುತೇ ಅದು. ಚೆಂದವಿತ್ತು, ಹಾಳಾದ್ದು. ಇನ್ನೊಂದು ಪದರವನ್ನು ಪರ್ಮ್ಯಾಂಗನೇಟಿನಲ್ಲಿ ಅದ್ದಿ ಬಣ್ಣ ಹಾಕಿದಾಗ ಕೆಂಪು ಹತ್ತಲಿಲ್ಲ. ಎಲುಬಿನ ಮಜ್ಜೆಯಿಂದ ಬರುವ ಜಾತಿಯ ಪ್ರೋಟೀನಾದರೆ ಆಗಲೂ ಕೆಂಪು ಹತ್ತುತ್ತದೆ; ಹತ್ತಲಿಲ್ಲವೆಂದರೆ ಹಳೆಯ ಹುಣ್ಣಿನಿಂದ ಬಂದದ್ದು, ಎಂದರು ಡಾಕ್ಟರರು. ಅಂದರೆ ಏಳು ತಿಂಗಳ ಹಿಂದೆಯೇ ಆ ಹುಣ್ಣು ತೆಗೆಸಿದ್ದರೆ ಅಕ್ಕ ಉಳಿಯಬಹುದಿತ್ತು. ಈಗ ಕಿಡ್ನಿಗಳು ಕೈಬಿಟ್ಟಿದ್ದವು.

ಮರುದಿನ ಖಾನಾಪುರಕ್ಕೆ ಹೋದೆ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ತೆಳ್ಳಗೆ ಕೊಯ್ದದ್ದು, ನನ್ನ ಸೊಕ್ಕು, ಎಲ್ಲ ಹೇಳಿಬಿಟ್ಟೆ. ಅವಳ ಆರೈಕೆಗೆಂದು ಬಂದಿದ್ದ ಅವ್ವ ಅಡುಗೆಮನೆಯಲ್ಲಿದ್ದಳು. ಅಕ್ಕ ಅತ್ತ ನೋಡಿ ದನಿ ತಗ್ಗಿಸಿದಳು.

"ಅವ್ವಗ ಹೇಳಬ್ಯಾಡೋ ತಮ್ಮಾ. ನಿನಗ ಬೈತಾಳ."

ಹೇಳಲಿಲ್ಲ. ಅಕ್ಕ ಆ ಮಳೆಗಾಲ ದಾಟಲಿಲ್ಲ. ಅವ್ವ ಹೋಗಿಯೂ ಎಷ್ಟೋ ವರ್ಷವಾಯಿತು. ನನಗೆ ಇನ್ನೂ ಯಾರೂ ಬೈದಿಲ್ಲ.