ಯಂತ್ರ ಎಳೆದುಕೊಂಡ ಉಸಿರು

ಮೂರನೆಯ ಸಾಲು ಓದುವ ಮೊದಲು ಯಂತ್ರ ಉಸಿರು ಎಳೆದುಕೊಂಡಿತು. ಸಣ್ಣ ಉಸಿರು. ಅದರ ಹಿಂದೆಯೇ ನಾಲಗೆ ಅಂಗುಳಿಗೆ ತಾಗಿದ ‘ಚಟ್’ ಎಂಬ ಸದ್ದು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಳಗನ್ನಡದ ಶಾಸನವನ್ನು ಆ ಕಾಲದ ಉಚ್ಚಾರದಲ್ಲಿ ತಾನಾಗಿ ಓದುವ ಕಂಪ್ಯೂಟರನ್ನು ಜನರ ಮುಂದೆ ತೋರಿಸಲು ಎಂಜಿನಿಯರೊಬ್ಬರು ಅಣ್ಣಿಗೇರಿಗೆ ಬಂದಿದ್ದರು. ನಾನು ಆಗಷ್ಟೇ ಕನ್ನಡ ಎಂ.ಎ. ಮುಗಿಸಿದ್ದೆ, ಅವರ ಬಳಿ ಸಹಾಯಕಿಯ ಕೆಲಸ ಸಿಗುವುದಿತ್ತು. ಅದಕ್ಕೆ ಮೊದಲು ಒಂದು ಹಾಳೆಗೆ ಸಹಿ ಮಾಡಬೇಕಿತ್ತು: ‘ಈ ಓದು ಪೂರ್ತಿ ಯಂತ್ರದ್ದೇ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.’

ತಿಂಗಳ ಹಿಂದೆ ಅವರೇ ಟೇಪ್ ರೆಕಾರ್ಡರ್ ಹಿಡಿದು ತಿರ್ಲಾಪುರದ ನಮ್ಮ ಮನೆಗೆ ಬಂದಿದ್ದರು. ಕಂಪ್ಯೂಟರಿಗೆ ಉಚ್ಚಾರ ಕಲಿಸಲಿಕ್ಕೆಂದು ಹೇಳಿ, ಹಳೆಯ ಶಾಸನ ಓದಬಲ್ಲ ನನ್ನ ಅಜ್ಜನಿಂದ ಇದೇ ಶಾಸನವನ್ನು ಓದಿಸಿದ್ದರು. ಧ್ವನಿಮುದ್ರಿಸಿದ್ದನ್ನು ನಮಗೆ ಕೇಳಿಸಿರಲಿಲ್ಲ. ಅಜ್ಜ ಎರಡು ಸಾಲನ್ನು ಒಂದೇ ಉಸಿರಿಗೆ ಓದುವವನು. ಮೂರನೆಯದಕ್ಕೆ ಮೊದಲು ನಿಂತು, ಉಸಿರು ಎಳೆದು, ನಾಲಗೆಯನ್ನು ‘ಚಟ್’ ಎನ್ನಿಸುತ್ತಿದ್ದ.

ಬಾಜುವಿನಲ್ಲಿ ಕುಳಿತಿದ್ದ ಅಜ್ಜ ನನ್ನ ಕಿವಿಯತ್ತ ಬಾಗಿದ.

“ಯಾವ ಹಲ್ಲಿಲ್ಲದ ಮುದುಕನ್ನ ಪೆಟ್ಟಿಗ್ಯಾಗ ಕುಂಡ್ರಿಸ್ಯಾರಬೇ?”

ತನ್ನ ದನಿಯನ್ನು ಅವನು ಹೊರಗಿನಿಂದ ಎಂದೂ ಕೇಳಿರಲಿಲ್ಲ. ನಾನು ನಗಲಿಲ್ಲ. ಕಂಪ್ಯೂಟರಿನ ಹಿಂದಿನಿಂದ ಒಂದು ವೈರು ಮೇಜಿನ ಮೇಲಿನ ಬಟ್ಟೆಯ ಅಡಿಗೆ ಇಳಿದಿತ್ತು. ಅಲ್ಲಿ ಏನಿತ್ತೋ ಕಾಣಲಿಲ್ಲ. ಎದ್ದು ನಿಂತೆ.

“ಸರ್, ನಾನೊಂದು ಹೊಸಾ ಸಾಲು ಬರದು ಕೊಡ್ತೀನ್ರಿ. ಅದನ್ನ ಓದಸ್ರಿ.”

“ಇವತ್ತ ಕರೆಂಟ್ ವೀಕ್ ಅದರಿ,” ಎಂದರು ಎಂಜಿನಿಯರ್.

“ಇಷ್ಟೊತ್ತನಕ ಸಾಕಾಗಿತ್ತಲ್ರಿ?”

ಹಿಂದೆ ಯಾರೋ ನಕ್ಕರು. ಎಂಜಿನಿಯರ್ ನನ್ನ ಹತ್ತಿರ ಬಂದು ಹಾಳೆ ಕೊಟ್ಟರು. ದನಿ ತಗ್ಗಿಸಿ, “ಬರೇ ಒಂದು ಸಹಿ ಅದ. ಕೆಲಸ ಬೇಕಂದ್ರ ಪೋಸ್ಟಿಗೆ ಹಾಕ್ರಿ,” ಎಂದರು.

ಊರಿಗೆ ಹೋಗುವ ಬಸ್ಸಿನಲ್ಲಿ ಆ ಉಸಿರಿನ ಬಗ್ಗೆಯೇ ಯೋಚಿಸಿದೆ. ಅಜ್ಜನ ದನಿಯನ್ನು ಯಂತ್ರವೇ ತುಂಡು ತುಂಡು ಮಾಡಿ ಜೋಡಿಸಿ ಓದಿದ್ದರೆ ಉಸಿರೂ ಜೊತೆಗೆ ಬಂದಿರಬಹುದು. ಹಾಗಿದ್ದರೆ ಹೊಸ ಸಾಲಿಗೆ ಹೆದರಿದ್ದೇಕೆ?

“ಸಹಿ ಮಾಡಬೇ,” ಎಂದ ಪಕ್ಕದ ಸೀಟಿನಲ್ಲಿದ್ದ ಅಜ್ಜ. “ಆ ಮುದುಕ ಯಾರರೆ ಇರಲಿ, ಅಗದಿ ತಪ್ಪಿಲ್ಲದ ಓದ್ಯಾನ.”

ಅದು ಯಾರ ದನಿ ಎಂದು ಅವನಿಗೆ ಹೇಳದೆ ಹಾಳೆ ಮಡಚಿ ಚೀಲದಲ್ಲಿಟ್ಟೆ.

ಮರುದಿನ ಮುಂಜಾನೆ ಹಾಳೆಯಲ್ಲಿದ್ದ ವಾಕ್ಯದ ಮೇಲೆ ಗೆರೆ ಎಳೆದೆ. ಕೆಳಗೆ ಬರೆದೆ: ‘ಮೂರನೆಯ ಸಾಲಿಗೆ ಮೊದಲು ಉಸಿರು ಕೇಳಿಸಿತು. ಹೊಸ ಸಾಲು ಓದಿಸಲು ಕೇಳಿದೆ; ಓದಿಸಲಿಲ್ಲ.’ ಸಹಿ ಮಾಡಿ, ಅಂಚೆ ಡಬ್ಬಿಗೆ ಹಾಕಿ ಬಂದು, ಅಜ್ಜನ ಚಹಾಕ್ಕೆ ನೀರಿಟ್ಟೆ.